ಕರಿಹಲಗೆ ಬಣ್ಣದ ಕಾರಿನಲ್ಲಿ ಮದುಮಗ

ಕಾರಿಗೆ ಬಣ್ಣ ಹೊಡೆಯುವುದು ಒಂದು ವಿದ್ಯೆಯೇ ಅಲ್ಲ ಎಂಬುದು ಆಗ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮನುಷ್ಯ ನಾನು. ಗೋಳದ ಮೇಲ್ಮೈ ವಿಸ್ತೀರ್ಣವನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಗೋಳಕ್ಕಿಂತ ಅಂಬಾಸಿಡರ್ ಕಾರು ಅಲ್ಲಲ್ಲಿ ಸ್ವಲ್ಪ ಉಬ್ಬಿರುತ್ತದೆ, ಅಷ್ಟೇ ತಾನೆ!

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತು. ನನ್ನ ಸೆಕೆಂಡ್ ಹ್ಯಾಂಡ್ ಕಾರಿನ ಬಿಳಿ ಬಣ್ಣ ಹಳೆಯ ಬನಿಯನ್ನಿನ ಬಣ್ಣಕ್ಕೆ ತಿರುಗಿತ್ತು. ಹೀಗಿರುವಾಗ ಒಂದು ಭಾನುವಾರ ಹಾಸನದ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತಾ ಒಂದು ಇಂಗ್ಲಿಷ್ ಪತ್ರಿಕೆ ತಿರುವಿ ಹಾಕಿದೆ. ಅದರಲ್ಲಿತ್ತು ಆ ಚಿತ್ರ. ಯಾವುದೋ ದೇಶದ ಕಾರು. ಕಪ್ಪು, ಆದರೆ ಒಂದು ಚೂರೂ ಹೊಳಪಿಲ್ಲ. ಅದರ ಮೇಲೆ ಬಿದ್ದ ಬೆಳಕು ಒಳಗೇ ಇಂಗಿಹೋದಂತಿತ್ತು. ಮ್ಯಾಟ್ ಫಿನಿಶ್ ಅಂತೆ ಅದರ ಹೆಸರು. ಹೊಳೆಯುವ ಕಾರು ಕಂಡಕಂಡವರ ಮುಖವನ್ನೆಲ್ಲ ತನ್ನ ಮೈಮೇಲೆ ತೋರಿಸುತ್ತದೆ. ಇದೋ, ಯಾರಿಗೂ ಸೊಪ್ಪು ಹಾಕುವುದಿಲ್ಲ. ಎಂಥ ಗಾಂಭೀರ್ಯ! ನನ್ನ ಸರದಿ ಬಂದು ಹೋದದ್ದೂ ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದವನೇ ಹೆಂಡತಿ ನಾಗರತ್ನಳಿಗೆ ವಿಷಯ ಮಂಡಿಸಿದೆ.

"ಹೊಳಪೇ ಇರಲ್ವಾ?" ಎಂದಳು.

"ಇರಲ್ಲ. ಅದೇ ಅದರ ಹೆಚ್ಚುಗಾರಿಕೆ."

"ನಮ್ಮ ಬಿಸಿನೀರಿನ ಹಂಡೆ ತಳಕ್ಕೂ ಹೊಳಪಿಲ್ಲ. ಬಚ್ಚಲಲ್ಲಿ ಕೂತ್ಕೊಂಡು ನೋಡ್ತಾ ಇರಿ, ದುಡ್ಡೂ ಉಳಿಯತ್ತೆ."

ಕಲೆಯ ಬಗ್ಗೆ ಇವಳ ಹತ್ತಿರ ಮಾತಾಡಿ ಪ್ರಯೋಜನವಿಲ್ಲ. ಹಾಸನದ ಪೇಂಟ್ ಅಂಗಡಿಗಳಲ್ಲಿ ವಿಚಾರಿಸಿದೆ. ಹೊಳಪು ಬರಿಸುವ ಡಬ್ಬಿಗಳು ಗೋಡೆ ತುಂಬ ಇದ್ದವು. ಹೊಳಪು ಬಾರದಿರುವ ಡಬ್ಬಿ ಕೇಳಿದ್ದಕ್ಕೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಣ್ಣ ಹೊಡೀದೇ ಇದ್ರೆ ಆಯ್ತಲ್ಲ ಸಾ" ಎಂದ.

ಪರಿಹಾರ ಹೊಳೆದದ್ದು ತರಗತಿಯಲ್ಲಿ. ಮಕ್ಕಳಿಗೆ ಬೆನ್ನು ಮಾಡಿ ಸೀಮೆಸುಣ್ಣ ಹಿಡಿದು ನಿಂತಿದ್ದೆ. ನನ್ನ ಮೂಗಿನ ಮುಂದೆ, ಇಷ್ಟು ವರ್ಷ ದಿನವೂ ನೋಡಿದ, ಒಂದು ಚೂರೂ ಹೊಳೆಯದ, ಗಂಭೀರವಾದ ಕಪ್ಪು. ಬೋರ್ಡು! ಪ್ರತಿ ವರ್ಷ ಶಾಲೆ ತೆರೆಯುವ ಮುಂಚೆ ಅದಕ್ಕೆ ಹೊಡೆಯುವ ಬಣ್ಣ ಊರಿನ ಅಂಗಡಿಯಲ್ಲೇ ಸಿಗುತ್ತದೆ. ಬೋರ್ಡಿಗೆ ಹೊಂದುವುದು ಕಾರಿಗೆ ಏಕೆ ಹೊಂದುವುದಿಲ್ಲ? ಸೀಮೆಸುಣ್ಣ ಕೈಯಲ್ಲಿ ಹಿಡಿದೇ ನಕ್ಕುಬಿಟ್ಟೆ. ಮಕ್ಕಳು ಹೆದರಿದರು.

ದಸರಾ ರಜದಲ್ಲಿ ಕಾರ್ಯ ಕೈಗೊಂಡೆ. ಉಪ್ಪುಕಾಗದ ಹಾಕಿ ಉಜ್ಜಿ, ಬ್ರಷ್ಷಿನಿಂದ ಬಣ್ಣ ಬಳಿದು, ಒಣಗಿಸಿ, ಮತ್ತೆ ಬಳಿದೆ. ಕೊನೆಗೆ ಅಂಗಳದಲ್ಲಿ ನಿಂತು ನೋಡಿದರೆ ನನಗೇ ಮೈ ಜುಮ್ಮೆಂದಿತು. ಹಗಲು ಹೊತ್ತಿನಲ್ಲಿ ಅದು ಕಾರಿನಂತೆಯೇ ಇತ್ತು. ಆದರೆ ಹೊತ್ತು ಇಳಿಯುತ್ತಾ ಬಂದಂತೆ ಅದರ ಅಂಚುಗಳು ಒಂದೊಂದಾಗಿ ಅಳಿಸಿಹೋದವು. ದೀಪ ಹಚ್ಚುವ ಹೊತ್ತಿಗೆ ಮನೆ ಮುಂದೆ ಕಾರಿರಲಿಲ್ಲ. ಕಾರಿನ ಅಳತೆಯ ಒಂದು ಕತ್ತಲೆ ಇತ್ತು! ಬೀದಿನಾಯಿ ಬಂದು ಆ ಕತ್ತಲೆಯನ್ನು ಮೂಸಿ ನೋಡಿ, ಕುಂಯ್ ಎಂದು ಬಾಲ ಮಡಚಿಕೊಂಡು ಹೋಯಿತು. ಹಾಲಿನವನು ಸೈಕಲ್ ಸಮೇತ ಅದರೊಳಕ್ಕೆ ನಡೆದ. ಎದುರುಮನೆಯವರು ಸಂಜೆ ಹೊತ್ತು ನಮ್ಮ ಕಡೆಯ ಕಿಟಕಿ ಮುಚ್ಚತೊಡಗಿದರು.

"ಅಸೂಯೆ" ಎಂದೆ.

"ಭಯ" ಎಂದಳು ನಾಗರತ್ನ.

ಇನ್ನು ಅದರ ಆರೈಕೆ. ಪತ್ರಿಕೆಯಲ್ಲಿ ಓದಿದ್ದನ್ನು ನಾನು ಧರ್ಮಶಾಸ್ತ್ರದಂತೆ ಪಾಲಿಸಿದೆ. ಮ್ಯಾಟ್ ಬಣ್ಣಕ್ಕೆ ಮೇಣ ಹಚ್ಚಬಾರದು, ಪಾಲಿಶ್ ಕೂಡದು, ತಿಕ್ಕಲೇಬಾರದು. ತಿಕ್ಕಿದರೆ ತಿಕ್ಕಿದ ಜಾಗ ಹೊಳೆಯುತ್ತದೆ, ಹೊಳೆದರೆ ಮಾನ ಹೋಯಿತು. ಸೋಪನ್ನು ನಾನೇ ನಿಷೇಧಿಸಿದೆ. ಬರೀ ನೀರು ಹುಯ್ಯಬೇಕು, ತನ್ನಷ್ಟಕ್ಕೆ ಒಣಗಲು ಬಿಡಬೇಕು. ಬಣ್ಣ ಕೆತ್ತಿದ ಕಡೆ ಹಿಂದಿನ ಕಾಲದ ಮೇಷ್ಟ್ರುಗಳು ಬೋರ್ಡಿಗೆ ಮಾಡುತ್ತಿದ್ದಂತೆ ತೊಂಡೆಸೊಪ್ಪು, ಇದ್ದಿಲು ಅರೆದು ಸವರುತ್ತಿದ್ದೆ. ಎಲ್ಲಕ್ಕಿಂತ ಮುಖ್ಯ, ಯಾರೂ ಮುಟ್ಟಬಾರದು. ನಾಗರತ್ನ ಬಾಗಿಲು ತೆಗೆಯಬೇಕಾದರೂ ಸೆರಗಿನಲ್ಲಿ ಹಿಡಿಕೆ ಹಿಡಿದು ತೆಗೆಯತಕ್ಕದ್ದು ಎಂದು ಆಜ್ಞೆ ಹೊರಡಿಸಿದೆ. ಅಂದಿನಿಂದ ಅವಳು ನಡೆದೇ ಓಡಾಡಿದಳು.

ಈ ಹೊತ್ತಿನಲ್ಲೇ ನಾಗರತ್ನಳ ತಂಗಿ ವಸಂತಳ ಮದುವೆ ಗೊತ್ತಾಯಿತು. ಸುಲಭವಾಗಿ ಗೊತ್ತಾದ ಮದುವೆಯಲ್ಲ ಅದು. ಎಷ್ಟೋ ಜಾತಕಗಳು ಹೋಗಿ ವಾಪಸು ಬಂದಿದ್ದವು. ಪ್ರತಿ ಸಲವೂ ನಮ್ಮ ಮಾವ ಸ್ವಲ್ಪ ಸ್ವಲ್ಪ ಬಗ್ಗಿಹೋಗಿದ್ದರು. ಕೊನೆಗೆ ಅರಕಲಗೂಡಿನ ಶ್ರೀಕಂಠ ಒಪ್ಪಿದ್ದ. ಒಳ್ಳೆಯ ಹುಡುಗ, ಕಾಲೇಜಿನಲ್ಲಿ ಕೆಲಸ. ಚಿಕ್ಕಂದಿನಲ್ಲೇ ತಾಯಿ ಹೋಗಿದ್ದರಿಂದ ಅವನನ್ನು ಸಾಕಿದವರು ಸೋದರತ್ತೆ ಸೀತಮ್ಮ. ಗೊರೂರಿನ ಅಣೆಕಟ್ಟೆ ಕ್ವಾರ್ಟರ್ಸಿನಲ್ಲಿದ್ದರು. ಅವರು ಹೂಂ ಎಂದರೆ ಮದುವೆ, ಉಹೂಂ ಎಂದರೆ ಇಲ್ಲ. ಹುಡುಗಿ ನೋಡಲು ಬಂದ ದಿನ ಆಕೆ ಹೂಂ ಎಂದಾಗ ಮಾವ ಒಳಗೆ ಹೋಗಿ ಅತ್ತಿದ್ದನ್ನು ನಾನು ನೋಡಿದ್ದೆ.

ಮದುವೆಯ ಹಿಂದಿನ ಸಂಜೆ ವರಪೂಜೆ. ಶ್ರೀಕಂಠ ಗೊರೂರಿಗೆ ಬಂದು ಅತ್ತೆಗೆ ನಮಸ್ಕಾರ ಮಾಡಿ, ಅವರ ಜೊತೆಯಲ್ಲೇ ಹೊಳೆನರಸೀಪುರದ ಛತ್ರಕ್ಕೆ ಬರುವುದು ಎಂದಾಯಿತು. ಮಿಕ್ಕ ಬೀಗರೆಲ್ಲ ಮೆಟಡೋರಿನಲ್ಲಿ ನೇರವಾಗಿ ಬರುವವರು.

"ಅಳಿಯಂದಿರೇ, ಅವರಿಬ್ಬರನ್ನ ಕರ್ಕೊಂಡು ಬರೋ ಜವಾಬ್ದಾರಿ ನಿಮ್ಮದು. ಇದೊಂದು ಸುಸೂತ್ರವಾಗಿ ಆಗಿಬಿಡಲಿ" ಎಂದರು ಮಾವ.

"ನೀವು ನಿಶ್ಚಿಂತೆಯಿಂದಿರಿ" ಎಂದೆ.

"ಶುಭಕಾರ್ಯಕ್ಕೆ ಈ ಮಸಿ ಕಾರಾ? ಬಾಡಿಗೆ ಕಾರು ಮಾಡಿ" ಎಂದಳು ನಾಗರತ್ನ.

"ಹೂವಿನ ಹಾರ ಹಾಕ್ತೀನಿ. ಕಪ್ಪಿನ ಮೇಲೆ ಮಲ್ಲಿಗೆ ಹೇಗೆ ಎದ್ದು ಕಾಣತ್ತೆ ನೋಡು!"

ಅದಂತೂ ನಿಜವಾಯಿತು.

ವರಪೂಜೆಯ ದಿನ ಬೆಳಿಗ್ಗೆ ಮಾವನ ಮನೆ ಮುಂದೆ ಕಾರು ನಿಲ್ಲಿಸಿದ್ದೆ. ಒಳಗೆ ವಸಂತಳಿಗೆ ಅರಿಶಿನ ಎಣ್ಣೆ ಶಾಸ್ತ್ರ ನಡೆಯುತ್ತಿತ್ತು. ನಾನು ಹೊರಡಲು ಕೂತರೆ ಬ್ಯಾಟರಿ ಸತ್ತಿತ್ತು, ಸೆಲ್ಫ್ ತೆಗೆದುಕೊಳ್ಳಲಿಲ್ಲ. ಗಂಡಸರೆಲ್ಲ ಛತ್ರದಲ್ಲಿದ್ದರು. "ಯಾರಾದ್ರೂ ಬನ್ನಿ, ಒಂದು ಸ್ವಲ್ಪ ತಳ್ಳಿ!" ಎಂದು ಸ್ಟೀರಿಂಗಿನ ಹಿಂದಿನಿಂದಲೇ ಕೂಗಿದೆ. ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆಯರು ಹಾಡು ಅರ್ಧಕ್ಕೆ ನಿಲ್ಲಿಸಿ ಹಾಗೇ ಓಡಿಬಂದು ಹಿಂದಿನಿಂದ ತಳ್ಳಿದರು. ಕಾರು ಹೊರಟಿತು. ಬೀದಿಯ ಕೊನೆಯಲ್ಲಿ ಇಳಿದು ನೋಡಿದರೆ ಡಿಕ್ಕಿಯ ಮೇಲೆ ಅಲ್ಲಲ್ಲಿ ಅರಿಶಿನದ ಗುರುತು! ಎದೆ ಒಡೆಯಿತು. ಇಂಜಿನ್ ಆರಿಸದೆ, ಶಾಸ್ತ್ರದ ಪ್ರಕಾರ ತಿಕ್ಕದೆ, ಸೋಪು ಮುಟ್ಟಿಸದೆ, ಬಿಂದಿಗೆಗಟ್ಟಲೆ ನೀರು ಹುಯ್ದೆ. ಅರಿಶಿನ ಹೋಯಿತು. ಒಂದು ಗುರುತೂ ಉಳಿಯಲಿಲ್ಲ. ಅದನ್ನು ನನ್ನ ಸ್ವಂತ ಕಣ್ಣಿನಿಂದ ನೋಡಿ ಖಚಿತ ಮಾಡಿಕೊಂಡೆ. ಅಷ್ಟರಲ್ಲಿ ಜಿಟಿಜಿಟಿ ಮಳೆ ಶುರುವಾಯಿತು. ಆಮೇಲೆ ಕಾರು ಒಣಗಲೇ ಇಲ್ಲ.

ಹಾಸನದಲ್ಲಿ ಕಾರಿಗೆ ಹೂವಿನ ಹಾರ ಕಟ್ಟಿಸಿಕೊಂಡು ಗೊರೂರಿಗೆ ಹೋಗುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಸೀತಮ್ಮ ಬಾಗಿಲಿಗೆ ಬಂದು ನನ್ನ ಕಾರನ್ನು ಬಹಳ ಹೊತ್ತು ನೋಡಿದರು.

"ಮೇಷ್ಟ್ರೇ, ಇದು ಕಾರೋ, ಕಾರಿನ ನೆರಳೋ?"

"ಮ್ಯಾಟ್ ಫಿನಿಶ್ ಅಂತ. ವಿದೇಶದಲ್ಲಿ ಹೀಗೇ."

"ಹಾಗಾದ್ರೆ ಅಲ್ಲೇ ಇರಬೇಕಿತ್ತು" ಎಂದರು. ಶ್ರೀಕಂಠ ಪಾಪ, ನಗು ತಡೆದುಕೊಂಡು ಅತ್ತೆಯನ್ನು ಹತ್ತಿಸಿದ.

ಗೊರೂರು ದಾಟಿದ ಮೇಲೆ ಮಂಜು ಇಳಿಯಿತು. ಮಳೆಯೂ ಹೌದು, ಮಂಜೂ ಹೌದು. ವೈಪರ್ ಕಿರ್‍ರೋ ಎನ್ನುತ್ತಿತ್ತು. ಹಾಸನದ ರಸ್ತೆ ಸರಳರೇಖೆಯಂತೆ ಗೊತ್ತು ಎಂಬ ಧೈರ್ಯದಲ್ಲಿ, ಇಬ್ಬರಿಗೂ ಮ್ಯಾಟ್ ಬಣ್ಣದ ತತ್ವ ವಿವರಿಸುತ್ತಾ, ಎಲ್ಲೋ ಒಂದು ಕಡೆ ತಿರುಗಬಾರದಲ್ಲಿ ತಿರುಗಿದೆ. ಡಾಂಬರು ಹೋಗಿ ಮಣ್ಣು ಬಂತು. ಮನೆಗಳು ಹೋಗಿ ಬಯಲು ಬಂತು. ಆಮೇಲೆ ಮುಂದಿನ ರಸ್ತೆ ಇಳಿಜಾರಾಗಿ, ಬಹಳ ಸಹಜವಾಗಿ, ನೀರಿನೊಳಕ್ಕೆ ಹೋಗಿಬಿಟ್ಟಿತು!

ಬ್ರೇಕ್ ತುಳಿದೆ. ಮಳೆ ನಿಂತಿತು. ಮಂಜು ಸ್ವಲ್ಪ ಸರಿದರೆ, ಎದುರಿಗೆ ಅಣೆಕಟ್ಟೆಯ ಹಿನ್ನೀರಿನ ನಡುವೆ ಶೆಟ್ಟಿಹಳ್ಳಿಯ ಹಾಳು ಚರ್ಚು ನಿಂತಿತ್ತು. ಮೇಲೆ ಸೂರಿಲ್ಲ, ಕಿಟಕಿಗಳಲ್ಲಿ ಬರೀ ಆಕಾಶ. ಒಂದು ಸದ್ದಿಲ್ಲ. ನೀರು ಕೂಡ ದಡಕ್ಕೆ ಮೆಲ್ಲಗೆ ಬಂದು ಮೆಲ್ಲಗೆ ಹೋಗುತ್ತಿತ್ತು.

"ರಾಮ ರಾಮ" ಎಂದರು ಸೀತಮ್ಮ. "ಮೇಷ್ಟ್ರೇ, ನೀರಿಗೆ ಯಾಕೆ ಕರ್ಕೊಂಡು ಬಂದ್ರಿ?"

ಕಾರು ಕೆಸರಿನಲ್ಲಿ ಹೂತಿದೆಯೋ ನೋಡಲು ಮೂವರೂ ಇಳಿದೆವು. ಆಗ ದಡದ ಮೇಲಿನಿಂದ ಒಬ್ಬ ಕೂಗಿದ. ಹೆಗಲ ಮೇಲೆ ಮೀನಿನ ಬಲೆ ಹಾಕಿಕೊಂಡಿದ್ದ.

"ಯಾರ್ಲಾ ಅದು? ಬರೀ ಊವಿನ ಆರ ಗಾಳೀಲಿ ತೇಲ್ಕಂಡು ಬಂದ್ಬುಡ್ತಲ್ಲಾ!" ಹತ್ತಿರ ಬಂದು ನಮ್ಮನ್ನು ನೋಡಿ ಉಸಿರು ಬಿಟ್ಟ. "ಸಾ, ಇದು ದಾರಿ ಅಲ್ಲ ಸಾ. ಇಂದೆ ಇತ್ತು. ಆ ಕಡೀಕೆ ಊರೂ ಇತ್ತು. ಈಗ ಎಲ್ಲಾ ನೀರೊಳಗದೆ. ಯಾರೂ ಓಗಾಕಿಲ್ಲ."

ಅಷ್ಟರಲ್ಲಿ ಪಡುವಣದ ಮೋಡ ಸೀಳಿ ಒಂದು ಬಿಸಿಲಕೋಲು ಓರೆಯಾಗಿ ಕಾರಿನ ಮೇಲೆ ಬಿತ್ತು. ನೀರಿನ ಕಡೆಯಿಂದ ಗಾಳಿ ಬೀಸಿತು. ಒದ್ದೆಯಾಗಿ ಮಿಂಚುತ್ತಿದ್ದ ಕಾರು ನಿಧಾನವಾಗಿ ಒಣಗತೊಡಗಿತು. ಒಣಗಿದ ಕಡೆಯೆಲ್ಲ ಮತ್ತೆ ಮಂಕು ಕಪ್ಪು. ಆದರೆ ಡಿಕ್ಕಿಯ ಮೇಲೆ ಒಂದು ಜಾಗ ಮಾತ್ರ ಹೊಳೆಯುತ್ತಲೇ ಉಳಿಯಿತು. ಐದು ಬೆರಳು, ಒಂದು ಅಂಗೈ.

ಅದರ ಪಕ್ಕದಲ್ಲಿ ಇನ್ನೊಂದು ಅಂಗೈ ಎದ್ದು ಬಂತು. ಅದರ ಮೇಲೆ ಮತ್ತೊಂದು. ನಾವು ನೋಡುತ್ತಿದ್ದ ಹಾಗೇ ಹಿಂಭಾಗದ ತುಂಬ ಕೈಗಳು ಒಂದೊಂದಾಗಿ ಮೂಡಿದವು. ಚಿಕ್ಕವು, ದೊಡ್ಡವು, ಎಲ್ಲವೂ ಬೆರಳು ಅಗಲಿಸಿಕೊಂಡು, ಒತ್ತಿಕೊಂಡು. ಶ್ರೀಕಂಠ ಒಂದು ಹೆಜ್ಜೆ ಹಿಂದೆ ಸರಿದ. ಬಲೆಯವನು ಬಗ್ಗಿ, ಮೊದಲು ಕೈಗಳನ್ನೂ, ಆಮೇಲೆ ಎದುರಿನ ನೀರನ್ನೂ, ಆಮೇಲೆ ನನ್ನನ್ನೂ ನೋಡಿದ.

"ಸಾ, ಇಷ್ಟ್ ಜನ ಸೇರ್ಕಂಡು ನೀರ್ಗೆ ತಳ್ಳವ್ರಲ್ಲಾ, ಅವ್ರೆಲ್ಲಾ ಎಲ್ಲವ್ರೆ ಸಾ?"

ಸೀತಮ್ಮ ಶ್ರೀಕಂಠನ ತೋಳು ಹಿಡಿದುಕೊಂಡರು. ಈಗಲಾದರೂ ಬುದ್ಧಿವಂತಿಕೆಯಿಂದ ಮಾತಾಡಬೇಕು ಎಂದು ನಾನು ಬಾಯಿ ತೆರೆದೆ.

"ಹೆದರಬೇಡಿ ಅತ್ತೆಯವರೇ. ಈ ಕೈಗಳನ್ನ ಬೆಳಿಗ್ಗೆಯೇ ನಾನು ನೀರು ಹುಯ್ದು ಕಳಿಸಿಬಿಟ್ಟಿದ್ದೆ. ಪೂರ್ತಿ ಹೊರಟುಹೋಗಿದ್ವು!"

"ಹೋಗಿದ್ದು ವಾಪಸ್ ಬಂದಿವೆಯಾ?" ಎಂದರು ಸೀತಮ್ಮ.

ಇದಕ್ಕೆ ಉತ್ತರ ಕೊಡಲು ಕಾರಿನ ಮುಂಭಾಗಕ್ಕೆ ಬಂದು ಬಾನೆಟ್ಟಿಗೆ ಒರಗಲು ಹೋದವನು ಹಾಗೇ ನಿಂತೆ. ಬಾನೆಟ್ಟಿನ ಮೇಲೆ ಒಂದೇ ಒಂದು ಕೈ. ಬಲಗೈ. ಬೇರೆಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಹಿಂದಿನಿಂದ ತಳ್ಳಿದವರನ್ನು ನಾನು ಬಲ್ಲೆ. ಮುಂದೆ ಯಾರೂ ಇರಲಿಲ್ಲ. ಯಾರೂ ಮುಟ್ಟಿರಲೂ ಇಲ್ಲ. ನಾನು ಮುಟ್ಟಗೊಟ್ಟಿದ್ದರೆ ತಾನೆ! ಆಗ ನನ್ನ ಗಂಟಲಿನಿಂದ ಬಂದ ಸದ್ದನ್ನು ಶ್ರೀಕಂಠ ಇವತ್ತಿಗೂ ಅಭಿನಯಿಸಿ ತೋರಿಸುತ್ತಾನೆ.

ಮೇಷ್ಟ್ರೇ ಹೀಗೆ ಕಿರುಚಿದ ಮೇಲೆ ಸೀತಮ್ಮ ಕಾರು ಹತ್ತಲಿಲ್ಲ. ಬಲೆಯವನು ಅವರಿಬ್ಬರನ್ನೂ ದೊಡ್ಡ ರಸ್ತೆಗೆ ಕರೆದುಕೊಂಡು ಹೋಗಿ ಹಾಸನದ ಬಸ್ಸಿಗೆ ಹತ್ತಿಸಿದ. ಹೊರಡುವಾಗ ಆಕೆ ಹೇಳಿದ್ದು ಇಷ್ಟು: "ತಾಯಿಲ್ಲದ ಹುಡುಗ. ನಾನು ಸಾಕಿದ್ದೀನಿ. ಇಂಥ ಶಕುನ ನೋಡಿ ಹೇಗೆ ಧಾರೆ ಎರೆಸ್ಕೊಳ್ಳಲಿ? ಛತ್ರಕ್ಕೆ ಬಂದು ನಿಮ್ಮ ಮಾವನವರ ಹತ್ರಾನೇ ಮಾತಾಡ್ತೀನಿ."

ನಾನು ಒಬ್ಬನೇ ಕಾರು ಓಡಿಸಿಕೊಂಡು ಹೊರಟೆ. ಹಿಂದಿನ ಸೀಟು ಖಾಲಿ. ಆದರೂ ಕನ್ನಡಿ ನೋಡಲಿಲ್ಲ. ದಾರಿಯುದ್ದಕ್ಕೂ ಯಾರೋ ಮೆಲ್ಲಗೆ ತಳ್ಳುತ್ತಿದ್ದಂತೆಯೇ ಕಾರು ಎಂದಿಗಿಂತ ಸಲೀಸಾಗಿ ಓಡಿತು. ಅದು ಇನ್ನೂ ಭಯಂಕರವಾಗಿತ್ತು.

ಛತ್ರದ ಮುಂದೆ ಹೆಂಗಸರು ಆರತಿ ಹಿಡಿದು ಕಾದಿದ್ದರು. ಮುಸ್ಸಂಜೆಯಲ್ಲಿ ಎರಡು ದೀಪ, ಒಂದು ಹೂವಿನ ಹಾರ ಬರುವುದು ಕಂಡದ್ದೇ ಓಲಗ ಮೊಳಗಿತು. ಮಾವ ಓಡಿಬಂದು ಹಿಂದಿನ ಬಾಗಿಲು ತೆರೆದು, ಕೈ ಮುಗಿದು, "ಬರಬೇಕು, ಬರಬೇಕು" ಎಂದು ಖಾಲಿ ಸೀಟಿಗೆ ಬಾಗಿದರು. ಬಗ್ಗಿದವರು ಬಗ್ಗಿಯೇ ಇದ್ದರು. ಓಲಗ ನಿಂತಿತು.

"ಹುಡುಗ ಎಲ್ಲಿ ಅಳಿಯಂದಿರೇ?"

"ಬಸ್ಸಲ್ಲಿ ಬರ್ತಿದ್ದಾರೆ."

"ಕಾರಿದ್ದೂ ಬಸ್ಸಲ್ಲಿ ಯಾಕೆ?"

ನಾನು ನಡೆದದ್ದು ಹೇಳಿದೆ. ಅವರು ಛತ್ರದ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆ ಮುಖ ನೋಡಿ ನನಗೆ ಆ ಹಿನ್ನೀರಿನಲ್ಲೇ ಮುಳುಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹೊಳಪಿಲ್ಲದ ಒಂದು ಬಣ್ಣಕ್ಕಾಗಿ ಒಂದು ಹುಡುಗಿಯ ಮದುವೆ!

ಬಸ್ಸಿಳಿದು ಬಂದ ಸೀತಮ್ಮ ಒಳಗೆ ಕಾಲಿಡಲಿಲ್ಲ. ಛತ್ರದ ಟ್ಯೂಬ್‌ಲೈಟಿನ ಕೆಳಗೆ ಕಾರಿನ ಹಿಂಭಾಗ ತೋರಿಸಿ, "ನೀವೇ ನೋಡಿ, ಆಮೇಲೆ ಹೇಳಿ" ಎಂದರು. ಎಲ್ಲರೂ ನೋಡಿದರು.

ಆಗ ಗುಂಪು ಸೀಳಿಕೊಂಡು ವಸಂತ ಬಂದಳು. ಅಲಂಕಾರ ಅರ್ಧ ಆಗಿತ್ತು, ಒಂದೇ ಕಿವಿಗೆ ಓಲೆ. ಕಾರಿನ ಹಿಂದೆ ಬಗ್ಗಿ ನೋಡಿದಳು.

"ಚಿಕ್ಕಮ್ಮಾ, ಬಾ ಇಲ್ಲಿ. ಬಲಗೈ ಕೊಡು."

ಚಿಕ್ಕಮ್ಮನ ಕಿರುಬೆರಳು ಚಿಕ್ಕಂದಿನಲ್ಲಿ ಒಲೆಕಲ್ಲಿಗೆ ಸಿಕ್ಕಿ ಸೊಟ್ಟಗಾಗಿತ್ತು. ವಸಂತ ಆ ಕೈಯನ್ನು ಒಂದು ಗುರುತಿನ ಮೇಲೆ ಇಟ್ಟಳು. ಸೊಟ್ಟಬೆರಳಿಗೆ ಸೊಟ್ಟಬೆರಳು ಕೂತಿತು. "ಇದು ನಂಗೆ ಹಚ್ಚಿದ ಎಣ್ಣೆ ಸೀತತ್ತೆ. ಭಾವ ತಳ್ಳಿ ಅಂತ ಕೂಗಿದ್ರು, ಎಣ್ಣೆ ಕೈಯಲ್ಲೇ ಎಲ್ರೂ ಓಡಿದ್ರು. ಅರಿಶಿನ ನೀರಿಗೆ ಹೋಗತ್ತೆ, ಎಣ್ಣೆ ಎಲ್ಲಿ ಹೋಗತ್ತೆ? ಒದ್ದೆ ಇರೋವಾಗ ಕಾಣಲ್ಲ, ಒಣಗಿದ್ರೆ ಕಾಣತ್ತೆ."

ಆಮೇಲೆ ನಡೆದದ್ದು ಪೊಲೀಸರ ಗುರುತು ಪತ್ತೆ ಪರೇಡ್. ದೊಡ್ಡಮ್ಮ, ಸೋದರತ್ತೆಯರು ಸಾಲಾಗಿ ಬಂದು ತಂತಮ್ಮ ಕೈ ಗುರುತಿಸಿಕೊಂಡರು. ಸೀತಮ್ಮ ಪ್ರತಿಯೊಂದನ್ನೂ ಕನ್ನಡಕ ಹಾಕಿಕೊಂಡು ಪರಿಶೀಲಿಸಿದರು. ಹಿಂಭಾಗ ಪೂರ್ತಿ ಇತ್ಯರ್ಥವಾಯಿತು. ಮಾವ ಮೆಟ್ಟಿಲಿನಿಂದ ಎದ್ದರು.

"ಸರಿ. ಮುಂದಿರೋ ಆ ಒಂಟಿ ಕೈ ಯಾರದ್ದು?" ಎಂದರು ಸೀತಮ್ಮ.

ಎಲ್ಲರೂ ಬಾನೆಟ್ಟಿನ ಸುತ್ತ ಸೇರಿದರು. ಯಾರ ಕೈಯೂ ಹೊಂದಲಿಲ್ಲ. ಚಿಕ್ಕಮ್ಮನದು ಚಿಕ್ಕದಾಯಿತು, ದೊಡ್ಡಮ್ಮನದು ದಪ್ಪವಾಯಿತು. ಯಾರೋ ಹನುಮಂತನ ಹೆಸರು ಗುಣಗುಣಿಸಿದರು. ಗೋಡೆಯ ಕಡೆಗೆ ಸರಿಯುತ್ತಿದ್ದವರಲ್ಲಿ ನಾನೇ ಮೊದಲಿಗ.

ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದವಳು ನಾಗರತ್ನ. ದರದರ ಎಳೆದುಕೊಂಡು ಹೋಗಿ ನನ್ನ ಬಲಗೈಯನ್ನು ಆ ಗುರುತಿನ ಮೇಲೆ ಇಟ್ಟಳು. ಹೇಳಿ ಮಾಡಿಸಿದ ಹಾಗೆ ಕೂತಿತು!

"ದಿನಾ ಬೆಳಿಗ್ಗೆ ಬೋಳುತಲೆಗೆ ಕೊಬ್ಬರಿಎಣ್ಣೆ ತಿಕ್ಕೋದು, ಅದೇ ಕೈಯಲ್ಲಿ ಈ ಬಾನೆಟ್ಟು ಸವರಿ, 'ಭೇಷ್ ಮಗನೇ' ಅನ್ನೋದು" ಎಂದು ನೆರೆದ ಸಮಸ್ತ ಬಂಧುಬಳಗದ ಎದುರು ನುಡಿದಳು. "ಹೆಂಡ್ತಿಗೆ ಸೆರಗಲ್ಲಿ ಮುಟ್ಟು ಅಂತಾರೆ. ಮದುವೆಯಾದಾಗಿಂದ ನನಗೆ ಒಂದಿನ ಭೇಷ್ ಅಂದಿಲ್ಲ ಸೀತತ್ತೆ!"

ಮೊದಲು ನಕ್ಕವರು ಸೀತಮ್ಮ. ಸೀರೆಯ ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗುತ್ತಲೇ ವಸಂತಳ ಕೈ ಹಿಡಿದು, "ಹುಡುಗೀಗೆ ಧೈರ್ಯ ಇದೆ, ಬುದ್ಧಿನೂ ಇದೆ. ಇನ್ನೊಂದು ಕಿವಿಗೆ ಓಲೆ ಹಾಕ್ಕೊಂಡು ಬಾ ಹೋಗು" ಎಂದರು. ಓಲಗದವರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಶುರು ಮಾಡಿದರು. ಮಾವ ಶ್ರೀಕಂಠನ ಕಾಲು ತೊಳೆಯುವಾಗ ತಂಬಿಗೆಯ ನೀರಿನ ಜೊತೆ ಅವರ ಕಣ್ಣೀರೂ ಬಿತ್ತು. ನಾನು ಕಂಬದ ಹಿಂದೆ ನಿಂತು ನನ್ನದನ್ನು ಒರೆಸಿಕೊಂಡೆ.

ಮರುದಿನ ಧಾರೆ ಸುಸೂತ್ರವಾಗಿ ಮುಗಿಯಿತು. ಸಂಜೆ ವಧೂವರರು ಅರಕಲಗೂಡಿಗೆ ಹೊರಡಬೇಕು. ಅದೇ ಕಾರಿನಲ್ಲಿ ಹೋಗೋಣ ಎಂದು ಸೀತಮ್ಮನವರೇ ಅಂದಾಗ ನನಗೆ ಆನಂದಬಾಷ್ಪ ಬಂತು. ಆದರೆ ಒಂದು ಷರತ್ತು ಹಾಕಿದರು. ಕಾರನ್ನು ನಾನು ಓಡಿಸಕೂಡದು!

ಶ್ರೀಕಂಠನ ಸ್ನೇಹಿತನೊಬ್ಬ ನನ್ನ ಸೀಟಿನಲ್ಲಿ ಕೂತ. ಜಾಗ ಸಾಲದ್ದರಿಂದ ನಾವು ಗಂಡಹೆಂಡಿರು ಬಸ್ಸಿನಲ್ಲಿ ಹಿಂದೆ ಬರುವುದೆಂದಾಯಿತು. ವಸಂತ ಕಿಟಕಿಯಿಂದ ತಲೆ ಹೊರಹಾಕಿ, "ಭಾವ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈ ನಮ್ಮ ಜೊತೇಲೇ ಬರ್ತಿದೆ" ಎಂದಳು.

ರಸ್ತೆ ಬದಿಯಲ್ಲಿ ಬಸ್ಸಿಗೆ ಕಾದು ನಿಂತೆವು. ಮದುವೆಗೆಂದು ನಾನು ಹೊಲಿಸಿದ್ದ ಕರಿ ಕೋಟು ತೊಟ್ಟಿದ್ದೆ. ಬಟ್ಟೆಯಂಗಡಿಯಲ್ಲಿ ಹುಡುಕಿ ಹುಡುಕಿ, ಒಂದು ಚೂರೂ ಹೊಳಪಿಲ್ಲದ್ದನ್ನೇ ಆರಿಸಿದ್ದೆ. ಹೊತ್ತು ಮುಳುಗಿತ್ತು. ಬಸ್ಸು ಬಂತು. ನಾನು ಗಂಭೀರವಾಗಿ ಕೈ ಅಡ್ಡ ಹಿಡಿದೆ. ಅದು ನನ್ನ ಮೂಗು ಸವರಿಕೊಂಡು ಮುಂದೆ ಹೋಯಿತು.

ಹತ್ತು ಮಾರು ಆಚೆ ಜರಿಸೀರೆ ಉಟ್ಟು ನಿಂತಿದ್ದ ನಾಗರತ್ನಳ ಮುಂದೆ ಗಕ್ಕನೆ ನಿಂತಿತು. ಅವಳು ಮೆಟ್ಟಿಲು ಹತ್ತುತ್ತಾ ಕಂಡಕ್ಟರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಸ್ವಲ್ಪ ತಡೀರಿ. ನಮ್ಮನೆಯವರೂ ಅಲ್ಲೇ ಎಲ್ಲೋ ಇರಬೇಕು."